ಹಳ್ಳಕ್ಕೆ ಬಿದ್ದ ಕಚೇರಿ ಪರದೆಗಳು

ಮಳೆನೀರಿನ ಮೋರಿಗಳ ಹೊಣೆ ಹೊತ್ತಿರುವ ಮಾನ್ಯ ಇಂಜಿನಿಯರರೇ,

ತುಮಕೂರಿನ ಶಿರಾ ಗೇಟ್ ಹಿಂದಿನ ಹಳ್ಳ ಹಾಳಾಗಿದೆ. ಹಾಳು ಮಾಡಿದ್ದು ಹೋದ ವರ್ಷ, ೧೯೮೩ರಲ್ಲಿ, ತಾವು ಕಟ್ಟಿಸಿದ ಮೋರಿ. ಮಳೆನೀರಿಗೆಂದು ಕಟ್ಟಿದ ಅದರಲ್ಲಿ ಮಳೆನೀರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇರುತ್ತದೆ. ಮಳೆ ಬಂದರೆ ಸಾಕು, ಅಷ್ಟನ್ನೂ ತಪ್ಪದೆ ಹಳ್ಳಕ್ಕೆ ತಲುಪಿಸುತ್ತದೆ. ಇಷ್ಟು ದಕ್ಷವಾದ ಸರ್ಕಾರಿ ಸೇವೆ ಬೇರೆಲ್ಲುಂಟು?

ನಮ್ಮ ಬೀದಿಯ ಬಟ್ಟೆ ಒಗೆಯುವ ಹೊಂಬಾಳಮ್ಮ ಇಪ್ಪತ್ತು ವರ್ಷದಿಂದ ಆ ಹಳ್ಳವನ್ನೇ ನಂಬಿದವಳು. ಜೂನ್‌ನ ಮೊದಲ ಮಳೆಯ ಮಾರನೆಯ ದಿನ ನನ್ನ ಬಿಳಿ ಪಂಚೆ ಕಪ್ಪು ಪಟ್ಟೆ ಹೊತ್ತು ಬಂತು. ನಾನು ರೇಗಿದೆ. ಆಕೆ ಸೀರೆಯಂಚು ಸರಿಸಿ ಕಾಲು ತೋರಿಸಿದಳು. ಮೊಣಕಾಲವರೆಗೂ ಹುಣ್ಣು.

"ಮೂರು ಮನೆಯೋರು ಬಟ್ಟೆ ಹಾಕೋದೇ ನಿಲ್ಸವ್ರೆ ಮೇಷ್ಟ್ರೇ. ನೀವೂ ಬೈದ್ರೆ ನಾನೆಲ್ಲಿಗೆ ಹೋಗ್ಲಿ? ಬನ್ನಿ, ನೀವೇ ನೋಡಿ."

ಮೋರಿ ಹಿಡಿದು ಇಬ್ಬರೂ ಮೇಲಕ್ಕೆ ನಡೆದೆವು. ಲಾರಿ ರಿಪೇರಿ ಶೆಡ್ಡುಗಳ ಕೊಳೆ ಆಯಿಲ್, ಹೋಟೆಲಿನ ಮುಸುರೆ, ಸಗಣಿ. ತುದಿಯಲ್ಲಿ ತಮ್ಮ ಕಚೇರಿಯ ಲಾರಿಗೇ ಮಂಗಳಸ್ನಾನ ನಡೆದಿತ್ತು.

"ಮಳೆ ಬಂದ್ರೆ ಎಲ್ಲಾ ಕೆಳಕ್ಕೆ ಹೊಂಟೋಯ್ತದೆ ಬುಡಿ," ಎಂದ ಡ್ರೈವರ್.

"ಆ ಕೆಳಗಡೆ ನಾನಿದೀನಿ ಕಣಪ್ಪ," ಎಂದಳು ಹೊಂಬಾಳಮ್ಮ.

ಹಳ್ಳದ ನೀರನ್ನು ಬಾಟಲಿಯಲ್ಲಿ ತಂದು ತಮ್ಮ ಮೇಜಿನ ಮೇಲಿಟ್ಟೆವು. ತಾವು ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದು ಮಣ್ಣಿನ ಬಣ್ಣ. ಒಗೆಯೋದಕ್ಕೆ ಧಾರಾಳವಾಗಿ ಸಾಕು" ಎಂದು ಅಪ್ಪಣೆ ಕೊಡಿಸಿದಿರಿ. ನೆನಪಿರಬೇಕು. ಹೊಂಬಾಳಮ್ಮನಂತೂ ಮರೆಯಲಿಲ್ಲ.

ತಮ್ಮ ಕಚೇರಿಯ ಪರದೆಗಳನ್ನು ಒಗೆಯುವವಳೂ ಅವಳೇ ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ. ಮುಂದಿನ ಮಳೆಯವರೆಗೆ ಕಾದಳು. ಧಾರಾಳವಾಗಿ ಸಾಕಾದ ಆ ನೀರಿನಲ್ಲೇ ಎಂಟೂ ಪರದೆ ಅದ್ದಿ, ಹಿಂಡಿ, ಒಣಗಿಸಿ, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿ ತಾನೇ ಕಟ್ಟಿಬಂದಳು. ಮೇಲಧಿಕಾರಿಗಳ ತಪಾಸಣೆ ಅದೇ ದಿನ ಬಿದ್ದದ್ದು ದೇವರ ಚಿತ್ತ. ಪರದೆಗಳ ಕೊಳೆ ಆಯಿಲ್ ವಾಸನೆಗೆ ಅವರು ಕಾಫಿಯನ್ನೂ ಮುಟ್ಟದೆ ಎದ್ದರಂತೆ.

"ಏನಮ್ಮಾ ಇದು?" ಎಂದು ತಾವು ಆಕೆಯನ್ನು ಕರೆಸಿ ಗುಡುಗಿದಿರಿ.

"ಮಣ್ಣಿನ ಬಣ್ಣ ಸ್ವಾಮಿ," ಎಂದಳು. ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ ನಾನು ಮೇಷ್ಟರೆಂಬುದನ್ನೂ ಮರೆತು ನಕ್ಕೆ. ಕ್ಷಮೆ ಇರಲಿ.

ಎರಡೇ ಗಂಟೆಯಲ್ಲಿ ಆದೇಶ ಹೊರಟಿತು. ಮೋರಿ ಶುದ್ಧಿಗಲ್ಲ, ಇನ್ನು ಮುಂದೆ ಪರದೆಗಳನ್ನು ಬೇರೆ ಕಡೆ ಒಗೆಸತಕ್ಕದ್ದೆಂದು! ಪರದೆಗೆ ಬೇರೆ ನೀರು ಹುಡುಕಿದ ಕಚೇರಿಗೆ ಹೊಂಬಾಳಮ್ಮನ ಕಾಲು ಕಾಣಲಿಲ್ಲವೇ? ಹಳ್ಳದ ಪಕ್ಕದ ಬಾವಿಯಲ್ಲಿ ಈಗ ಎಣ್ಣೆ ತೇಲುತ್ತಿದೆ. ಆ ನೀರನ್ನೇ ಇಡೀ ಬೀದಿ ಕುಡಿಯುತ್ತದೆ. ಬೀದಿಯ ನಲವತ್ತು ಮನೆಯನ್ನೂ ಬೇರೆ ಕಡೆ ಕಳಿಸುವ ಆದೇಶವೂ ಟೈಪಾಗುತ್ತಿದೆಯೇ?

ನಮ್ಮ ಬೇಡಿಕೆ ಸಣ್ಣದು. ಶೆಡ್ಡುಗಳ ಆಯಿಲ್‌ಗೆ ಬೇರೆ ಗುಂಡಿ ತೋಡಿಸಿ; ಮೋರಿಯಲ್ಲಿ ತಮ್ಮ ಲಾರಿಯ ಸ್ನಾನ ನಿಲ್ಲಿಸಿ; ಬಾವಿ ನೀರನ್ನು ಪರೀಕ್ಷೆಗೆ ಕಳಿಸಿ. ಅನುಮಾನವಿದ್ದರೆ ಸೋಮವಾರ ಹತ್ತು ಗಂಟೆಗೆ ದಯಮಾಡಿಸಿ, ಬೂಟು ಕಳಚಿ, ಒಂದು ಗಂಟು ಬಟ್ಟೆ ಒಗೆಯುವಷ್ಟು ಹೊತ್ತು ಹಳ್ಳದಲ್ಲಿ ನಿಲ್ಲಿ. ಜಾರಿದರೆ ಹೊಂಬಾಳಮ್ಮ ಕೈ ಹಿಡಿಯುತ್ತಾಳೆ. ನಗುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ, ನಾನು ಕೊಟ್ಟಿಲ್ಲ.

ಇಂತಿ,
ಇಷ್ಟು ವರ್ಷ ಬಿಳಿ ಪಂಚೆ ಉಟ್ಟೂ ಒಮ್ಮೆಯೂ ಹಳ್ಳಕ್ಕೆ ಇಳಿದು ನೋಡದ,
ಏಕಾಂತಯ್ಯ, ನಿವೃತ್ತ ಮೇಷ್ಟ್ರು