ಅಕ್ಕನ ಫ್ರೀಜರಿಗೆ ನೀನು ಕೂಡಿಸಿದ ನಳ

ಮಾಳಪ್ಪ ಮಾವನಿಗೆ,

ಮದುವೆಯಾದ ಹೊಸದರಲ್ಲಿ ಅವ್ವ ನನ್ನ ಕಿವಿ ಹಿಂಡಿ, "ಇನ್ನ ಮ್ಯಾಲ ಮಾವಾ ಗೀವಾ ಅನಬ್ಯಾಡ ಬೇ, ಗಂಡ ಅದಾನ, ರೀ ಹಚ್ಚಿ ಮಾತಾಡು" ಎಂದು ಕಲಿಸಿದ್ದಳು. ಇಷ್ಟು ವರ್ಷ ಹಚ್ಚಿ ಮಾತಾಡಿದೆ. ಇವತ್ತು ಆ ರೀ ನನ್ನ ಬಾಯಿಗೆ ಬರುತ್ತಿಲ್ಲ. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಜಾಲಹಳ್ಳಿ ಸಂತೆ ತಿರುಗಿಸಿದ ಮಾವನಿಗೇ ಬರೆಯುತ್ತಿದ್ದೇನೆ. ಫೋನು ಯಾಕೆ ಎತ್ತುತ್ತಿಲ್ಲ ಎಂದು ಮೆಸೇಜಿನ ಮೇಲೆ ಮೆಸೇಜು ಹಾಕುತ್ತಿದ್ದೀ. ಎತ್ತಿದರೆ ಏನಾಗುತ್ತದೆಂದು ನನಗೆ ಗೊತ್ತು. ನಾನು ಸಿಟ್ಟಿಗೆದ್ದ ಕೂಡಲೇ ಸ್ಪೀಕರ್ ಹಾಕಿ ಗೆಳೆಯರಿಗೆಲ್ಲ ಕೇಳಿಸಿ, "ನೋಡ್ರಲೇ, ನಮ್ಮಕ್ಕನ ಮಗಳು ಹೆಂಗ ಬೈತಾಳ" ಎಂದು ನಗುತ್ತೀ. ಕಾಗದಕ್ಕೆ ಸ್ಪೀಕರ್ ಇಲ್ಲ. ಒಬ್ಬನೇ ಕೂತು ಓದು.

ಗಂಡನ ಮೇಲೆ ಸಿಟ್ಟು ಬಂದರೆ ಉಳಿದ ಹೆಂಗಸರು ತವರಿಗೆ ಹೋಗುತ್ತಾರೆ. ಅಲ್ಲಿಯವರು ಅಳಿಯನನ್ನು ಕರೆಸಿ, ಎದುರಿಗೆ ಕೂಡಿಸಿ, ಏನಪ್ಪಾ ನಿನ್ನ ಕತೆ ಎಂದು ಕೇಳುತ್ತಾರೆ. ನಾನು ಸೋದರಮಾವನನ್ನು ಕಟ್ಟಿಕೊಂಡವಳು. ನನ್ನ ತವರೆಂದರೆ ನಿನ್ನ ಅಕ್ಕನ ಮನೆ. ಮಗಳು ರೇಣುವಿನ ಕೈ ಹಿಡಿದುಕೊಂಡು ಜಾಲಹಳ್ಳಿಯಲ್ಲಿ ಬಸ್ಸು ಇಳಿದರೆ ಓಣಿಯವರು ಮೊದಲು ಕೇಳಿದ್ದು, "ಮಾಳಪ್ಪ ಬರ್ಲಿಲ್ಲೇನ್ ಬೇ? ಆರಾಮ ಅದಾನಿಲ್ಲೋ?" ಅಂತ. ನನ್ನ ಆರಾಮ ಒಬ್ಬರಾದರೂ ಕೇಳಲಿಲ್ಲ. ಇಲ್ಲಿ ನೀನು ಮನೆ ಮಗ, ನಾನು ಸೊಸೆ ಬಂದಂತೆ ಬಂದಿದ್ದೇನೆ. ನಿನ್ನ ಮೇಲೆ ದೂರು ಹೇಳಬೇಕೆಂದರೂ ನಿನ್ನನ್ನು ಎತ್ತಿ ಆಡಿಸಿದವಳ ಮುಂದೆಯೇ ಹೇಳಬೇಕು.

ಫ್ರೀಜರಿನ ವಿಷಯಕ್ಕೆ ಬರುತ್ತೇನೆ. ಅದು ಯಾರದು, ಮಾವ? ಬಾಯಿಬಿಟ್ಟು ಹೇಳು ನೋಡೋಣ. ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ತಗಡಿನ ಡಬ್ಬಿ ಅಂಗಡಿ ಹಾಕಿಕೊಂಡು ಮಜ್ಜಿಗೆ, ಕಡ್ಡಿ ಐಸು, ತಣ್ಣೀರು ಮಾರುವ ನಿನ್ನ ಅಕ್ಕ ಬೂದೆಮ್ಮನದು. ಶಿವರಾತ್ರಿ ಮುಂದೆ ಅದು ತಣ್ಣಗಾಗುವುದನ್ನು ಬಿಟ್ಟಿತು. ಅವ್ವ ಫೋನು ಮಾಡಿದ ಮರುದಿನವೇ ನೀನು ರಾಯಚೂರಿನಿಂದ ಟಂಟಂ ಗಾಡಿ ತಂದು, "ಎಂಟು ದಿನದಾಗ ಹೊಸಾದು ಮಾಡಿ ತಂದು ನಿಂದ್ರಸ್ತೀನಿ ಅಕ್ಕಾ" ಎಂದು ಹೇರಿಕೊಂಡು ಹೋದೆ. ತಮ್ಮನೇ ಫ್ರಿಜ್ಜು ಮೆಕ್ಯಾನಿಕ್ ಇರುವಾಗ ನನಗೇನು ಚಿಂತೆ ಎಂದು ಅವ್ವ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು. ಮಾನ್ವಿಯ ಮಹಮ್ಮದ್ ಹುಸೇನ್ ಉಸ್ತಾದರ ರಿಪೇರಿ ಅಂಗಡಿಗೆ ನಿನ್ನನ್ನು ಕೈ ಹಿಡಿದು ಕರೆದೊಯ್ದು ಕೆಲಸಕ್ಕೆ ಹಚ್ಚಿದವಳೂ ಅವಳೇ ತಾನೆ?

ನೀನು ರಿಪೇರಿ ಮಾಡಿದೆ, ಸುಳ್ಳು ಹೇಳುವುದಿಲ್ಲ. ಒಂದೇ ಸಂಜೆಯಲ್ಲಿ ಮಾಡಿದೆ. ಆಮೇಲೆ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದೆ, ಅಲ್ಲಿಂದ ನಿನ್ನ ತಲೆ ಕೆಟ್ಟಿತು. ಫ್ರೀಜರಿನ ಗೋಡೆಗೆ ತೂತು ಹಾಕಿದರೆ ಒಳಗಿನ ಗ್ಯಾಸಿನ ಪೈಪು ಒಡೆಯುತ್ತದೆಂದು ಬಡಿಗ ಶಾಕಿರ್ ಕಡೆ ಸಾಗವಾನಿ ಹಲಗೆ ಕೊಯ್ಸಿ, ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಚೌಕಟ್ಟು ಕೂಡಿಸಿದೆ. ಆ ಹಲಗೆಗೆ ಹೊಳೆಯುವ ಎರಡು ನಳ. ಒಳಗೆ ಸ್ಟೀಲಿನ ಡ್ರಮ್ಮು ಕೂಡುವಷ್ಟು ಜಾಗ, ಅದಕ್ಕೆ ಗ್ಯಾಸಿನ ಸಿಲಿಂಡರು, ಉದ್ದ ಉದ್ದ ಪೈಪು. ಎಲ್ಲ ಗಡ್ಡೆ ಕಟ್ಟಬಾರದೆಂದು ಹೊರಗೊಂದು ಸಣ್ಣ ಡಬ್ಬಿ, ಒಳಗೆ ಸಾಕಷ್ಟು ತಣ್ಣಗಾದ ಕೂಡಲೇ ಅದು ತಾನೇ ಕರೆಂಟು ಕಡಿಯುತ್ತದೆ. ನಾನು ಬ್ಯಾಟರಿ ಹಿಡಿದುಕೊಂಡು ನಿಂತಿದ್ದೆ. ಇದೆಲ್ಲ ಯಾತಕ್ಕೆ ಎಂದು ಕೇಳಿದೆ. "ಸುಮ್ನ ಇರು, ರಾಯಚೂರಾಗ ಯಾರ ಮನ್ಯಾಗೂ ಇಲ್ಲ ಇಂಥಾದು" ಅಂದೆ. ಎಷ್ಟು ಚೆಂದ ಮಾಡಿದ್ದೆ ಗೊತ್ತೇನು! ಒಂದು ಸ್ಕ್ರೂ ಸೊಟ್ಟ ಇರಲಿಲ್ಲ. ಅದನ್ನು ನೆನೆದರೇ ನನಗೆ ಹೆಚ್ಚು ಉರಿಯುತ್ತದೆ. ಅಷ್ಟು ಚೆಂದದ ಕೆಲಸವನ್ನು ಅಕ್ಕನಿಗಾಗಿ ಒಮ್ಮೆಯಾದರೂ ಮಾಡಿದ್ದೀಯಾ?

ಮುಂದಿನ ಶನಿವಾರವೇ ಹೋಟೆಲಿನಲ್ಲಿ ಕೆಲಸ ಮಾಡುವ ನಿನ್ನ ಗೆಳೆಯ ತಿರುಪತಿ ಬೀರು ತುಂಬಿದ ಡ್ರಮ್ಮು ತಂದ. ನಮ್ಮ ಪಡಸಾಲೆ ಬಾರಾಯಿತು. ನಾನು ಜಗಳ ತೆಗೆದರೆ ನಿನ್ನ ಉತ್ತರ ತಯಾರು: "ನಾ ಬಾರಿಗಿ ಹೋಗೂದಿಲ್ಲ, ಗಟಾರದಾಗ ಬೀಳೂದಿಲ್ಲ, ಮನ್ಯಾಗ ಮರ್ಯಾದಿಲಿಂದ ಕುಂದ್ರತೀನಿ. ಬೀರು ಅಂದ್ರ ಸೆರೆ ಅಲ್ಲ, ಅಂಬಲಿ ಇದ್ದಂಗ." ಆಹಾ, ಅಂಬಲಿಯಂತೆ! ಹಾಗಾದರೆ ನನ್ನನ್ನು ಮದುವೆಗೆ ಕೇಳುವಾಗ ದೇವರ ಜಗಲಿ ಮುಂದೆ ಭಂಡಾರ ಮುಟ್ಟಿ ಏನಂದಿದ್ದೆ? ನನ್ನಪ್ಪ ಮುದುಕಪ್ಪ ಕುಡಿದು ಕುಡಿದು ಸತ್ತವನು. ಅವನ ಕೈಯಲ್ಲಿ ಅವ್ವ ತಿಂದ ಏಟುಗಳನ್ನು ನೀನೂ ಕಂಡಿದ್ದೀ, ನಡುವೆ ಬಂದು ನೀನೂ ತಿಂದಿದ್ದೀ. ಅದಕ್ಕೇ ಅವ್ವ, ಹೊರಗಿನವರ ಸಂಬಂಧ ಬಂದರೂ ಬಿಟ್ಟು, "ನನ್ನ ತಮ್ಮ ಒಂದು ಹನಿ ಮುಟ್ಟೂದಿಲ್ಲ, ನನ್ನ ಮಗಳು ಉಣ್ಣೂ ಅನ್ನ ಸುಖದಿಂದ ಉಣ್ತಾಳ" ಎಂದು ನಿನಗೆ ಕೊಟ್ಟಳು. ನಿನ್ನಲ್ಲಿ ಅವಳು ನೋಡಿದ್ದು ಅದೊಂದೇ. ಆ ಭಂಡಾರ ಹತ್ತಿದ ಕೈಯಿಂದಲೇ ಆ ನಳ ತಿರುವಿದೆಯಲ್ಲ, ನಿನಗೆ ಏನೂ ಅನಿಸಲಿಲ್ಲವೇ?

ನಿಮ್ಮ ಶನಿವಾರಗಳು ನಡೆಯುತ್ತಿದ್ದಾಗ ಇಲ್ಲಿ ಅವ್ವ ಏನು ಮಾಡುತ್ತಿದ್ದಳು ಹೇಳಲೇ? ದೇವದುರ್ಗದಿಂದ ಬೆಳಗಿನ ಬಸ್ಸಿಗೆ ಐಸಿನ ಗಡ್ಡೆ ತರಿಸುತ್ತಿದ್ದಳು. ಗೋಣಿಚೀಲ ಸುತ್ತಿ, ಹೊಟ್ಟು ತುಂಬಿ ಕಳಿಸಿದರೂ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ನೀರಾಗಿ ಬಸ್ಸಿನ ತುಂಬ ಹರಿದಿರುತ್ತಿತ್ತು. ಕಂಡಕ್ಟರ್ ಬೈಯುತ್ತಿದ್ದ. ಉಳಿದದ್ದನ್ನು ಸೆರಗಿನ ಮೇಲೆ ತಲೆಗಿಟ್ಟುಕೊಂಡು, ಮೈಮೇಲೆಲ್ಲ ನೀರು ಸುರಿಸಿಕೊಂಡು ಬರುತ್ತಿದ್ದಳು. ಈ ಬಿಸಿಲಿನಲ್ಲಿ ಮಧ್ಯಾಹ್ನದೊಳಗೆ ಅದೂ ಖಾಲಿ. ಮಧ್ಯಾಹ್ನದ ಬಸ್ಸಿನವರು ಬಂದು ತಣ್ಣಗಿನ ಮಜ್ಜಿಗೆ ಕೇಳಿದರೆ ಇಲ್ಲ ಎನ್ನಬೇಕು. ಆ ಮಂದಿ ಈಗ ಎದುರಿನ ಹೊಸ ಅಂಗಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಒಂದು ಬೇಸಿಗೆ ಗಿರಾಕಿ ತಪ್ಪಿದರೆ ಮತ್ತೆ ಬರುವುದಿಲ್ಲ, ಮಾವ. ಇದು ನಿನಗೂ ಗೊತ್ತು, ನೀನೂ ಅಂಗಡಿ ಇಟ್ಟವನು.

ಆಮೇಲೆ ಕಣ್ಣು ತೋರಿಸಿಕೊಳ್ಳಲು ಅವ್ವ ರಾಯಚೂರಿಗೆ ಬಂದಳು. ಬರುವ ಮುಂಚೆ ಹೇಳಲೂ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಪಡಸಾಲೆಯಲ್ಲೇ ನಿಂತಳು. ತನ್ನ ಫ್ರೀಜರನ್ನು ಅವಳಿಗೆ ಗುರುತು ಹಚ್ಚಿಕೊಡಬೇಕೇ? ಇವತ್ತು ಬೈಗುಳ ತಪ್ಪಿದ್ದಲ್ಲ ಎಂದುಕೊಂಡೆ. ಆದರೆ ಅವ್ವ ಹತ್ತಿರ ಹೋಗಿ ಹಲಗೆ ಸವರಿದಳು, ನಳ ಮುಟ್ಟಿದಳು. ಒಮ್ಮೆಲೇ ಮುಖ ಅರಳಿಸಿ, "ಯಪ್ಪಾ ಮಾಳ್ಯಾ! ಅಕ್ಕನ ಸೊಂಟ ನೋಯ್ತದ, ಬಗ್ಗಿ ಬಗ್ಗಿ ಮಜ್ಜಿಗಿ ತಗಿಯೂದು ಆಗೂದಿಲ್ಲ ಅಂತ ನಳಾ ಕೂಡ್ಸಿದೇನೋ? ಅದಕ್ಕ ಇಷ್ಟ ತಡಾ ಆತೇನೋ ನನ್ನಪ್ಪಾ?" ಎಂದು ಎರಡೂ ಕೈಯಿಂದ ನಿನ್ನ ಮುಖ ನಿವಾಳಿಸಿ ನೆಟಿಗೆ ಮುರಿದಳು. ನಾನು ನಿನ್ನ ಬಾಯಿಯನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ. ನೀನು ಹೂಂ ಅಂದೆ. ಅವಳು ನಳ ತಿರುವಲು ಹೋದರೆ ಕೈ ಹಿಡಿದು, "ಇನ್ನಾ ಕನೆಕ್ಷನ್ ಕೊಟ್ಟಿಲ್ಲಕ್ಕಾ, ಸ್ವಲ್ಪ ಕೆಲಸ ಅದ" ಅಂದೆ. ನಾಲಗೆ ಹೇಗೆ ಹೊರಳಿತು ನಿನಗೆ? ಅವಳ ಆ ಮುಖ ನೋಡಿ ನಾನೂ ಚಹಾ ಇಡಲು ಒಳಗೆ ಹೋದೆ.

ಅವಳು ಹೋದ ಮೇಲೆ ನಾನು ಕೈಮುಗಿದು ಕೇಳಿಕೊಂಡೆ. ಇದೇ ಸರಿಯಾದ ಹೊತ್ತು, ಡ್ರಮ್ಮು ತೆಗೆ, ಪೈಪು ಹೊಸವು ಹಾಕು, ಒಯ್ದು ಕೊಟ್ಟುಬಿಡು, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದೆ. ಬರುವ ವಾರ ಎಂದೆ ನೀನು. ಬರುವ ವಾರವೂ ತಿರುಪತಿಯೇ ಬಂದ. ಇಲ್ಲಿ ಅವ್ವ ಬಸ್ ಸ್ಟ್ಯಾಂಡಿಗೆಲ್ಲ ಸಾರಿದ್ದಾಳೆ, ತಮ್ಮ ನಳದ ಮಜ್ಜಿಗೆ ಮಷಿನ್ ಮಾಡಿದ್ದಾನೆ ಎಂದು. ಹೊಸ ಗ್ಲಾಸು ತಂದಿಟ್ಟಿದ್ದಾಳೆ. ಅಂಗಡಿ ಮುಂದಿನ ಕಲ್ಲು ಸರಿಸಿ ಫ್ರೀಜರ್ ನಿಲ್ಲಲು ಜಾಗ ಮಾಡಿದ್ದಾಳೆ. ಮಂದಿ ಕೇಳುತ್ತಾರೆ, "ಎಲ್ಲಿ ಬೂದೆಮ್ಮ, ನಿನ್ನ ನಳಾ?" "ಬರಾಕತ್ತದ, ಬರಾಕತ್ತದ" ಎನ್ನುತ್ತಾಳೆ. ಈಗೀಗ ಕೇಳುವವರು ನಗುವುದಕ್ಕೇ ಕೇಳುತ್ತಾರೆ.

ನಾನು ಯಾಕೆ ಮನೆ ಬಿಟ್ಟೆ ಎಂದು ಕೇಳಿದ್ದೀಯಲ್ಲ, ಕೇಳು. ಹೋದ ಭಾನುವಾರ ನಾನು ಹಿತ್ತಲಲ್ಲಿ ಬಟ್ಟೆ ಒಗೆದು ಒಳಗೆ ಬಂದರೆ ರೇಣು ನಳದ ಮುಂದೆ ನಿಂತಿದ್ದಳು. ಗ್ಲಾಸು ಓರೆ ಹಿಡಿದು, ಮೆಲ್ಲಗೆ ನಳ ತಿರುವಿ, ಕಡೆಗೆ ನೆಟ್ಟಗೆ ಮಾಡಿ, ಬೆರಳಷ್ಟೇ ಬುರುಗು ಬರುವಂತೆ ತುಂಬಿದಳು. ಎಂಟು ವರ್ಷದ ಕೂಸು! "ಹಿಂಗ ಹಿಡಿಬೇಕು ಯವ್ವಾ, ಇಲ್ಲಾಂದ್ರ ಎಲ್ಲಾ ಬುರುಗಾ ಆಗ್ತದ. ಅಪ್ಪಾ ಕಲಿಸ್ಯಾನ. ತಿರುಪತಿ ಕಾಕಾ ನನಗ ಶಾಬ್ಬಾಸ್ ಅಂದ" ಅಂದಳು. ನೀನು ಮಂಚದ ಮೇಲೆ ಒರಗಿಕೊಂಡು ನಗುತ್ತಿದ್ದೆ. ನನ್ನಪ್ಪ ಸೆರೆಯ ಶೀಸೆ ತರಲು ನನ್ನನ್ನು ಓಡಿಸುತ್ತಿದ್ದ. ದಾರಿಯಲ್ಲಿ ನೀನೇ ಅದನ್ನು ಕಸಿದು ಕಲ್ಲಿಗೆ ಹೊಡೆದು, ನನ್ನ ಬದಲು ಒದೆ ತಿಂದಿದ್ದೆ. ಆ ಮಾವ ಎಲ್ಲಿ ಸತ್ತ? ನನ್ನ ಮಗಳ ಕೈಗೆ ಗ್ಲಾಸು ಕೊಟ್ಟವನು ಯಾರು? ಆ ಗ್ಲಾಸನ್ನು ನಿನ್ನ ಮುಂದೆಯೇ ಎಸೆದು, ಉಟ್ಟ ಸೀರೆಯಲ್ಲೇ ಅವಳನ್ನು ಎಳೆದುಕೊಂಡು ಬಂದೆ. ಬಂದದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ನಿನ್ನೆ ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅವಳು ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಮೊಸರು ಕಡೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನನಗ ಗೊತ್ತದ ಬೇ. ಬಾಗಲಾಗ ಕಾಲಿಟ್ಟ ಕೂಡ್ಲೇ ಮೂಗಿಗಿ ಬಂತು. ನಿಮ್ಮಪ್ಪನ ಕೂಡ ಬಾಳೇ ಮಾಡಿದಾಕಿಗಿ ಆ ವಾಸನಿ ಗೊತ್ತಾಗೂದಿಲ್ಲೇನು?" ಅಂದಳು. ಮತ್ತೆ ಯಾಕೆ ಮಜ್ಜಿಗೆ ನಳ ಅಂದಿ ಎಂದು ಕೂಗಾಡಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಂವಾ ಸಣ್ಣಾಂವಿದ್ದಾಗ ಗಡಗಿಯೊಳಗಿನ ಬೆಲ್ಲಾ ಕದ್ದು ಕಿಸೇದಾಗ ಇಟ್ಕಂತಿದ್ದ. ನಾ ಹೊಡಿತಿದ್ದಿಲ್ಲ. ನನ್ನ ತಮ್ಮ ಇಲಿ ತಿನ್ನದಂಗ ಬೆಲ್ಲಾ ಕಾಯಾಕತ್ತಾನ ಅಂತ ಎಲ್ಲಾರ ಮುಂದ ಅಂತಿದ್ದೆ. ಸಂಜಿ ಅನ್ನೂದ್ರಾಗ ತಾನ ತಂದು ಇಡ್ತಿದ್ದ. ಈ ಸಲಾನೂ ತಂದು ಇಡ್ತಾನ ಅಂತ ಮಾಡಿದ್ದೆ." ಅಷ್ಟು ಹೇಳಿ ಬೆಣ್ಣೆ ತೆಗೆಯತೊಡಗಿದಳು.

ಕೇಳಿಸಿತೇ? ನೀನು ಅವಳ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡು ಇಷ್ಟು ದಿನ ಆರಾಮ ಮಲಗಿದೆ. ಅವಳು ಎಲ್ಲ ತಿಳಿದೇ ನಿನ್ನ ಮುಖ ನಿವಾಳಿಸಿದಳು. ಎಲ್ಲ ತಿಳಿದೇ ಗ್ಲಾಸು ತಂದಳು, ಜಾಗ ಮಾಡಿದಳು, ಊರವರಿಂದ ನಗಿಸಿಕೊಂಡಳು. ನನಗೆ ಅವಳ ಮೇಲೂ ಸಿಟ್ಟು ಬಂದಿದೆ, ಸುಳ್ಳೇಕೆ ಹೇಳಲಿ. ಗಂಡನ ಮರ್ಯಾದೆ ಮುಚ್ಚಿ ಮುಚ್ಚಿ ಅರ್ಧ ಆಯುಷ್ಯ ಕಳೆದಳು, ಈಗ ತಮ್ಮನದು ಮುಚ್ಚುತ್ತಿದ್ದಾಳೆ. ನಾನು ಅವಳಲ್ಲ, ಮಾವ. ನಾನು ನಿನ್ನದನ್ನು ಮುಚ್ಚುವುದಿಲ್ಲ.

ಆ ಫ್ರೀಜರನ್ನು ಯಾರದೋ ಕೈಯಲ್ಲಿ ಕಳಿಸಬೇಡ, ನೀನೇ ತಾ. ಕತ್ತಲಲ್ಲಿ ತರಬೇಡ, ಮಂದಿ ಇರುವಾಗ ಬಸ್ ಸ್ಟ್ಯಾಂಡಿನಲ್ಲಿ ಇಳಿಸು. ನಳ ಇರಲಿ, ಅವಳ ಸೊಂಟ ನಿಜವಾಗಿಯೂ ನೋಯುತ್ತದೆ. ಮಜ್ಜಿಗೆಗೆ ಆ ಗ್ಯಾಸು ಬೇಡ, ಸಣ್ಣ ಪಂಪು ಸಾಕೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆಮೇಲೆ ಅಕ್ಕನ ಎದುರು ನಿಂತು, ಇದನ್ನು ನಾನು ನಿನಗಾಗಿ ಮಾಡಿರಲಿಲ್ಲ ಎಂದು ನಿನ್ನ ಬಾಯಿಂದ ಹೇಳು. ಹೇಳಲಾಗದಿದ್ದರೆ ಅದರ ಜೊತೆ ಅಲ್ಲಿಯೇ ಇರು. ರೇಣುವನ್ನು ಇಲ್ಲಿಯ ಶಾಲೆಗೆ ಹಚ್ಚುತ್ತೇನೆ, ಅಂಗಡಿಯಲ್ಲಿ ಅವ್ವನ ಜೊತೆ ನಾನೂ ಕೂಡುತ್ತೇನೆ. ಹೆದರಿಸುವ ಮಾತಲ್ಲ ಇದು, ಮಾಸ್ತರರನ್ನು ಕೇಳಿಯೂ ಬಂದಿದ್ದೇನೆ.

ಇವತ್ತು ಬೆಳಗಿನ ಬಸ್ಸಿಗೆ ಐಸು ಬಂತು. ಇಳಿಸಿಕೊಳ್ಳುವಾಗ ಕಂಡಕ್ಟರ್, "ಎಲ್ಲಿ ಯವ್ವಾ ನಿನ್ನ ತಮ್ಮನ ಮಷಿನ್ನು?" ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಇನ್ನು ನನ್ನ ಮುಂದಾದರೂ ಸುಳ್ಳು ಹೇಳಲಾರಳು ಎಂದುಕೊಂಡೆ. ಅವ್ವ ಒದ್ದೆ ಗೋಣಿಚೀಲ ತಲೆಯ ಮೇಲೆ ಎತ್ತಿಕೊಳ್ಳುತ್ತಾ, ನನ್ನ ಮುಖ ನೋಡಿಯೇ, "ಬರಾಕತ್ತಾನಪ್ಪಾ, ನಮ್ಮ ಮಾಳ್ಯಾ ಬರಾಕತ್ತಾನ" ಅಂದಳು.

ಕಡೆಗೆ ಆಶೀರ್ವಾದ ಬರೆ ಎಂದು ಅವಳೇ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ: ನನ್ನ ತಮ್ಮನ ಹೊಟ್ಟಿ ತಣ್ಣಗಿರಲಿ, ಕೆಲಸದ ಕೈಗೆ ಕಸುವು ಬರಲಿ. ಅದು ಅವಳ ಮಾತು, ಬರೆದಿದ್ದೇನೆ. ನನ್ನ ಕಡೆಯಿಂದ ನಿನಗೆ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಅಕ್ಕನ ಮಗಳು,
ಶೈಲಶ್ರೀ