ಹಲಗೆಗೆ ಹೊಡೆದ ಮೊಳೆ

ಜನವರಿ 8, ಗುರುವಾರ. ರೈಲಿನಲ್ಲಿ

ಮತ್ತೊಂದು ಕಾಫಿ. ಕಿಟಕಿಯಾಚೆ ಬರ್ಚ್ ಮರ, ಹಿಮ, ಮತ್ತೆ ಬರ್ಚ್... ಕಾರ್ಲ್ಸ್‌ಕ್ರೋನಾ ಬಂದರಿನಿಂದ ಉತ್ತರದ ಉಮಿಯೋ ವಿಶ್ವವಿದ್ಯಾಲಯಕ್ಕೆ ಇಡೀ ದಿನದ ದಾರಿ. ಸಿಗ್ನೆಯನ್ನು ಮುಖತಃ ನೋಡುವುದು ಇದೇ ಮೊದಲು. ಕಲ್ಲುಹೂವಿಗೆ ಮಂಜುಗಡ್ಡೆ ಏಕೆ ಅಂಟುವುದಿಲ್ಲ? ಅದು ಆ ಹುಡುಗಿಯ ಐದು ವರ್ಷದ ಸಂಶೋಧನೆ. ಅವಳ ಲೇಖನ ಓದಿಯೇ ನಾನು ಹಗ್ಗಕ್ಕೆ ಬಳಿಯುವ ಎಣ್ಣೆ ಮಾಡಿದ್ದು. ಹೋದ ಚಳಿಗಾಲ ನನ್ನ ತಮ್ಮ ಹಲ್ವಾರ್ ದೋಣಿಯ ಹೆಪ್ಪುಗಟ್ಟಿದ ಹಗ್ಗಕ್ಕೆ ಸಿಕ್ಕಿ ಎರಡು ಬೆರಳು ಕಳೆದುಕೊಂಡ. ಅಂದಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ.

ಪೇಟೆಂಟ್ ಅರ್ಜಿ ಲ್ಯಾಪ್‌ಟಾಪಿನಲ್ಲಿ ಸಿದ್ಧ. ಪೇಟೆಂಟ್ ಇಲ್ಲದೆ ಹಗ್ಗದ ಕಾರ್ಖಾನೆ ಈ ಎಣ್ಣೆ ತಯಾರಿಸಲು ಒಪ್ಪದು. ನಾಳೆ ಸಿಗ್ನೆ, ಇಲ್ಲಿನ ವಿಶ್ವವಿದ್ಯಾಲಯಗಳ ಹಳೇ ಪದ್ಧತಿಯಂತೆ, ತನ್ನ ಪಿಎಚ್‌ಡಿ ಪ್ರಬಂಧವನ್ನು ಹಲಗೆಗೆ ಮೊಳೆ ಹೊಡೆದು ತೂಗುಹಾಕುತ್ತಾಳೆ. ಅಲ್ಲಿಗೆ ಅದು ಲೋಕಕ್ಕೆಲ್ಲ ಬಹಿರಂಗ. ಅವಳು ಪರೀಕ್ಷಿಸಿದ ನನ್ನ ಎಣ್ಣೆ ಮಾಡುವ ವಿಧಾನವೂ ಅದರಲ್ಲಿದೆ. ಬಹಿರಂಗವಾದ ಮೇಲೆ ಪೇಟೆಂಟ್ ಸಿಗದು, ಅರ್ಜಿ ನಾಳೆಯೊಳಗೆ ಹೋಗಲೇಬೇಕು. ಈಗಲೇ ಕಳಿಸಬಹುದು — ಆದರೆ ಅರ್ಜಿಯಲ್ಲಿ ಅವಳ ಹೆಸರೂ ಇದೆಯಲ್ಲ. ಇಬ್ಬರೂ ಸೇರಿ ಗುಂಡಿ ಒತ್ತುವ ಆಸೆ.

ಜನವರಿ 9, ಸಂಜೆ

ಎಂಥ ದಿನ! ಮೇಣದಬತ್ತಿ, ಏಲಕ್ಕಿ ಬನ್, ನಗು. ಸಿಗ್ನೆ ಸುತ್ತಿಗೆಯನ್ನು ನನ್ನ ಕೈಗಿಟ್ಟಳು.

"ಕೊನೇ ಏಟು ನೀವೇ ಹೊಡೀರಿ, ಗುನ್ವೋರ್. ನನ್ನ ಕಲ್ಲುಹೂವಿನಿಂದ ಯಾರಿಗಾದ್ರೂ ಉಪಯೋಗ ಆಯ್ತು ಅಂದ್ರೆ ಅದು ನಿಮ್ಮಿಂದ."

ಹೊಡೆದೆ. ಕಣ್ಣು ತುಂಬಿ ಬಂತು. ಹೊರಗೆ ಹಿಮ ನೀಲಿಯಾಗಿತ್ತು, ಬೀದಿ ತೇಲುತ್ತಿರುವಂತೆ... ಏನೋ ಮರೆತಿದ್ದೇನೆ ಅನಿಸುತ್ತಿದೆ. ಕೈಗವಸು ಇರಬೇಕು.

ಜನವರಿ 10. ರೈಲಿನಲ್ಲಿ

ಕೈಗವಸು ಜೇಬಿನಲ್ಲೇ ಇದೆ.

ಅರ್ಜಿ ಕಳಿಸಲಿಲ್ಲ.

ಸಿಗ್ನೆಗೆ ಫೋನ್ ಮಾಡಿದೆ. ಅತ್ತಳು. "ನಾನಾದ್ರೂ ನೆನಪು ಮಾಡ್ಬೇಕಿತ್ತು." ನನ್ನ ಕೈಯಾರೆ ಮೊಳೆ ಹೊಡೆದೆ. ಮುದಿ ಪೆದ್ದಿ ನಾನು.

ಜನವರಿ 21

ಕಾರ್ಖಾನೆಯವರು ಬೇಡವೆಂದರು. ಹಲ್ವಾರ್‌ಗೆ ಹೇಳಲು ಹನ್ನೊಂದು ದಿನ ಬೇಕಾಯಿತು. ಬೈಯುತ್ತಾನೆ ಅಂದುಕೊಂಡಿದ್ದೆ.

"ಅಕ್ಕಾ, ಪೇಟೆಂಟ್ ಬಂದು ನನ್ನ ದೋಣಿ ಕಟ್ಟುತ್ತಾ? ಎರಡು ಡಬ್ಬ ಎಣ್ಣೆ ಕಾಯ್ಸು. ಇನ್ನೂ ಎಂಟು ಬೆರಳಿವೆ, ನಾನೇ ಬಳ್ಕೋತೀನಿ."

ಫೆಬ್ರವರಿ 3, ಬೆಳಿಗ್ಗೆ 8. ಬಂದರು

ಮೈನಸ್ ಹನ್ನೊಂದು. ಸಮುದ್ರದ ಮೇಲೆ ಹಬೆ. ಸಾಲುದೋಣಿಗಳ ಹಗ್ಗಗಳೆಲ್ಲ ಬೆಳ್ಳಗೆ ಬಿಗಿದಿವೆ. ನಮ್ಮದು ಮಾತ್ರ ಕಪ್ಪಗೆ, ಮೆತ್ತಗೆ, ಗಾಳಿಗೆ ತೂಗುತ್ತಿದೆ. ಪಕ್ಕದ ದೋಣಿಯವನು ಕೂಗಿ ಕೇಳಿದ, "ಅದೇನು ಬಳಿದಿದ್ದು?" ಹೇಳಿದೆ. ಮಾಡುವ ವಿಧಾನವನ್ನೂ ಹೇಳಿದೆ. ಬಚ್ಚಿಡಲು ಇನ್ನೇನಿದೆ?

ಹಲ್ವಾರ್ ಕೈಗವಸು ಕಳಚಿದ. ಆ ಮೂರು ಬೆರಳಿನ ಕೈಯಿಂದಲೇ ಹಗ್ಗ ಹಿಡಿದ. ನನ್ನತ್ತ ತಿರುಗಿ, "ನೋಡು ಅಕ್ಕಾ, ಒಂದು ಚೂರೂ ಮಂಜುಗಡ್ಡೆ ಅಂಟಿಲ್ಲ," ಅಂದು ನಕ್ಕ.