ಕಂದಕ ಖಾಲಿಯಾದ ವಾರ

ಥಾರ್ನ್‌ಮಿಯರ್ ಕೋಟೆ,
ವಿಭೂತಿ ಬುಧವಾರ, ೧೪೬೯

ಲಂಡನ್ನಿನಲ್ಲಿರುವ ನನ್ನ ಯಜಮಾನರಿಗೆ ಏವಿಸಳ ಪ್ರೀತಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ನ್ಯಾಯಾಲಯದ ತಣ್ಣನೆಯ ಹಜಾರದಲ್ಲಿ ದಿನವಿಡೀ ನಿಂತಿರುತ್ತೀರಂತೆ. ಎದೆಗೆ ಉಣ್ಣೆಬಟ್ಟೆ ಕಟ್ಟಿಕೊಳ್ಳಿ, ಹಟ ಮಾಡಬೇಡಿ. ಇಲ್ಲಿ ಅತ್ತೆಯವರು ಗಟ್ಟಿಯಾಗಿದ್ದಾರೆ, ಅವರ ಬಾಯಿ ಇನ್ನೂ ಗಟ್ಟಿಯಾಗಿದೆ. ಮಕ್ಕಳಿಗೆ ನೆಗಡಿ.

ಇನ್ನು ಸಮಾಚಾರ. ಹೇಗೆ ಬರೆಯಲಿ? ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ಕಾಲ ಬಂತಲ್ಲ, ವಾಡಿಕೆಯಂತೆ ಹೋದ ವಾರ ತೂಬು ತೆಗೆಸಿ, ಕಂದಕ ಬತ್ತಿಸಿ, ಮೀನು ಹಿಡಿಸಿದೆವು. ವ್ಯಾಜ್ಯ ನಡೆಯುತ್ತಿದೆ, ಈ ವರ್ಷ ಉಪ್ಪುಮೀನಿನಲ್ಲೇ ಸುಧಾರಿಸೋಣ ಎಂದೆ. ಅತ್ತೆ ಕೇಳಬೇಕಲ್ಲ. "ನಮ್ಮ ಮಾವನೋರು ಕಂದಕ ತೋಡಿಸಿದಾಗಿಂದ ನಡ್ಕೊಂಡು ಬಂದಿದ್ದು. ನಿನ್ನ ಕಾಲಕ್ಕೆ ನಿಲ್ಬೇಕಾ?" ಅಂದರು. ಅಷ್ಟು ಸಾಲದೆಂಬಂತೆ, ಈ ಕೋಟೆ ತನ್ನದೆಂದು ನಮ್ಮ ಮೇಲೆ ವ್ಯಾಜ್ಯ ಹೂಡಿರುವ ನೆರೆಯ ಸರ್ ವಾರಿನ್ ಮನೆಗೂ ಎಂದಿನಂತೆ ಒಂದು ಬುಟ್ಟಿ ಕಳುಹಿಸಿದರು. ವ್ಯಾಜ್ಯ ಗಂಡಸರದು, ಮೀನು ಹೆಂಗಸರದಂತೆ. ಬುಟ್ಟಿ ಕಂಡ ಮೇಲೆ ಕಂದಕ ಖಾಲಿಯಾಗಿದೆಯೆಂದು ಆ ಮನುಷ್ಯನಿಗೆ ಬೇರೆ ಯಾರು ಹೇಳಬೇಕು? ಮರುದಿನವೇ ಗಿರಣಿಯ ಮೇಲ್ಗಡೆ, ಕಂದಕ ತುಂಬಿಸುವ ತೊರೆಗೆ ಒಡ್ಡು ಹಾಕಿಸಿದ. ನಾವು ತೂಬು ಮುಚ್ಚಿ ಕಾದೆವು, ನೀರು ಬರಲೇ ಇಲ್ಲ. ಈಗ ಅವನ ಜನ ಕೆಸರಿನ ಮೇಲೆ ಹುಲ್ಲಿನ ಹೊರೆ, ಹಲಗೆ ಹಾಸುತ್ತಿದ್ದಾರೆ.

ನಿಮ್ಮ ಅಜ್ಜ ಫ್ರಾನ್ಸಿನ ಯುದ್ಧದಲ್ಲಿ ಗಳಿಸಿದ್ದನ್ನೆಲ್ಲ ಸುರಿದು ಕಟ್ಟಿಸಿದ ಕೋಟೆ ಇದು. ನಾಲ್ಕು ಬುರುಜೂ ನೀರಿನಲ್ಲಿ ತಲೆಕೆಳಗಾಗಿ ಕಾಣಲೆಂದೇ ಕಂದಕವನ್ನು ಇಷ್ಟು ಅಗಲ ಮಾಡಿಸಿದರಂತೆ. ನೀರು ಹೋದ ಮೇಲೆ ಗೋಡೆಯ ಬುಡ ಕಾಣುತ್ತಿದೆ. ಮೇಲೆ ಕಲ್ಲು, ಕೆಳಗೆ ಬರೀ ನೆನೆದ ಇಟ್ಟಿಗೆ. ಹೆಬ್ಬಾಗಿಲ ಮೇಲಿನ ಕಿಂಡಿಗಳಿಂದ ಕಲ್ಲು ಸುರಿಯಲು ನನ್ನ ಬಳಿ ಇರುವವರು ಅಡುಗೆಯವನು, ಹಾಲು ಕರೆಯುವ ಹುಡುಗಿಯರು, ನಮ್ಮ ಮುದಿ ಕಾವಲುಗಾರ ಹೇಮೋ. ಅವನು ನಿನ್ನೆ ಬಂದು, "ಅಮ್ಮಾವ್ರೇ, ಕಲ್ಲು ಹಾಕೋದು ಹಾಕ್ತೀನಿ. ಕೆಳಗೆ ಹಲಗೆ ಹಾಸ್ತಿರೋನು ನನ್ನ ತಂಗಿ ಮಗ. ಸ್ವಲ್ಪ ಪಕ್ಕಕ್ಕೆ ಹಾಕ್ಲಾ?" ಎಂದು ಕೇಳಿದ. ಏನು ಮಾಡಬೇಕೆಂದು ನನ್ನನ್ನೇ ಎಲ್ಲರೂ ನೋಡುತ್ತಾರೆ. ನನಗೆ ಯಾರನ್ನು ನೋಡಬೇಕೆಂದು ತಿಳಿಯದು.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಮಕ್ಕಳು ಮುತ್ತು ಕಳುಹಿಸಿದ್ದಾರೆ. ದೇವರು ನಿಮ್ಮನ್ನು ಸುಖವಾಗಿ ಇಟ್ಟಿರಲಿ.

ನಿಮ್ಮ
ಏವಿಸ್

ಪತ್ರ ಒಯ್ಯುವವನು ಅವಸರ ಮಾಡುತ್ತಿದ್ದಾನೆ. ನಾಳೆ ಬೆಳಗಾಗುವುದರೊಳಗೆ ಹೆಬ್ಬಾಗಿಲ ಸೇತುವೆ ಇಳಿಸಿ ಕೋಟೆ ಬಿಟ್ಟುಕೊಟ್ಟರೆ ಯಾರ ಮೈಯನ್ನೂ ಮುಟ್ಟುವುದಿಲ್ಲ ಎಂದು ವಾರಿನ್ ಹೇಳಿ ಕಳುಹಿಸಿದ್ದಾನೆ. ಜೀವ ಹೋದರೂ ಕೋಟೆ ಬಿಡಬೇಡ ಎಂದು ನೀವು ಹೇಳಿ ಹೋದದ್ದು ನೆನಪಿದೆ. ಆದರೆ ಹೋಗುವ ಜೀವ ಮಕ್ಕಳದು. ಸೇತುವೆ ಇಳಿಸುತ್ತೇನೆ, ಅತ್ತೆಗೆ ಇನ್ನೂ ಹೇಳಿಲ್ಲ. ಕೋಟೆ ನಿಮ್ಮದೇ ಎಂದು ತೀರ್ಪಾದರೆ, ಆ ಸಂತೋಷದಲ್ಲಿ ನೇರ ಇಲ್ಲಿಗೆ ಬಂದುಬಿಡಬೇಡಿ. ನಾವು ನನ್ನ ತವರಿನಲ್ಲಿರುತ್ತೇವೆ.